ಮಲಗಲಿ ಬಿಡ್ರಿ

ಕುಕ್ಕರ್ ಕೂಗಿತು, ಪಕ್ಕದ ಮನೆಯದು, ರಹೀಮುನ್ನೀಸಾಳದು, ಒಂದು ಸಲ ಕೂಗಿ ಸುಮ್ಮನಾಗುವ ಜಾತಿಯದಲ್ಲ ಅದು, ಇನ್ನೊಂದು, ಮತ್ತೊಂದು, ಉಚ್ಚಂಗಮ್ಮ ಮೊರದಿಂದ ಎತ್ತಿಕೊಂಡ ಶೇಂಗಾಕಾಯನ್ನು ಒಡೆಯದೆ ಬೆರಳ ಸಂದಿಯಲ್ಲೇ ಹಿಡಿದು ಕೂತಳು, ಒಳಗೆ ಮಗಳು ಎದ್ದುಬಿಟ್ಟಳೇನೋ ಎಂದು ಕಿವಿ ಅತ್ತ ಕೊಟ್ಟು— ಇಲ್ಲ, ಎದ್ದಿಲ್ಲ, ಚಾಪೆಯ ಸದ್ದಿಲ್ಲ, ಬಳೆಯ ಸದ್ದಿಲ್ಲ, ಬಳೆ ಎಲ್ಲಿಂದ ಬರಬೇಕು, ಫ್ಯಾಕ್ಟರಿಯ ಲೈನಿನಲ್ಲಿ ನಿಲ್ಲುವ ಹುಡುಗಿಯರು ಬಳೆ ತೊಡುವ ಹಾಗಿಲ್ಲ, ವೈರಿಗೆ ಸಿಕ್ಕಿಕೊಳ್ಳುತ್ತದಂತೆ. ಬೆಳಗಿನ ಮೊದಲ ಬಸ್ಸಿಗೆ ಬಂದಿಳಿದವಳು ಅರ್ಪಿತಾ, ಮುಖ ತೊಳೆದು ತಂಗಳನ್ನಕ್ಕೆ ಮೊಸರು ಕಲಸಿಕೊಂಡು ತಿಂದು, ತಿನ್ನುತ್ತಲೇ ಎಲ್ಲ ಹೇಳಿ, ಹೇಳುತ್ತಲೇ ತೂಕಡಿಸಿ, ಮಧ್ಯಾಹ್ನದ ದಾವಣಗೆರೆ ಬಸ್ಸಿಗೆ ಎಬ್ಬಿಸವ್ವ, ಮರೀಬ್ಯಾಡ, ಆ ಬಸ್ಸು ತಪ್ಪಿದ್ರೆ ಮುಗೀತು ಅಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಕಲ್ಲು ನೀರಿಗೆ ಬಿದ್ದ ಹಾಗೆ ನಿದ್ದೆಗಿಳಿದಿದ್ದಳು. ಅಂದಿನಿಂದ, ಅಂದರೆ ಬೆಳಗಿನಿಂದ, ಈ ಮನೆಯಲ್ಲಿ ಸದ್ದು ಅನ್ನುವುದೇ ಇಲ್ಲ, ಉಚ್ಚಂಗಮ್ಮ ರೊಟ್ಟಿ ತಟ್ಟಲಿಲ್ಲ, ತಟ್ಟಿದರೆ ಸದ್ದು, ಅನ್ನಕ್ಕಿಟ್ಟಳು, ಒರಳಿನ ಕೆಳಗೆ ಗೋಣಿತಟ್ಟು ಮಡಚಿ ಹಾಕಿ ಚಟ್ನಿ ಕುಟ್ಟಿದಳು, ಹೇಂಟೆಯನ್ನು ಹಿತ್ತಲಿಗೆ ಅಟ್ಟಿದಳು, ಟಿವಿಯ ಬಾಯಿ ಮುಚ್ಚಿದಳು, ಆದರೂ ಕೂತಲ್ಲಿ ಕೂರಲಾರದೆ ಎದ್ದು ಎದ್ದು ಹೋಗಿ ಬಾಗಿಲ ಸಂದಿಯಿಂದ ನೋಡುತ್ತಾಳೆ, ಈಗಲೂ ನೋಡಿದಳು, ಅದೇ, ಮಗಳ ಎರಡೂ ಕೈ ಎದೆಯ ಮೇಲೆ ಸ್ವಲ್ಪ ಎತ್ತಿವೆ, ಎಡಗೈ ಏನನ್ನೋ ಹಿಡಿದಿದೆ, ಏನೂ ಇಲ್ಲದ್ದನ್ನು, ಬಲಗೈ ಅದರ ಸುತ್ತ ತಿರುಗುತ್ತಿದೆ, ಸುತ್ತಿ, ಎಳೆದು, ಸುತ್ತಿ, ಎಳೆದು, ಆಮೇಲೆ ಹೆಬ್ಬೆರಳಿನಿಂದ ಟೇಪು ಹರಿದ ಹಾಗೆ ಒಂದು ಸಣ್ಣ ಜಗ್ಗು, ಮತ್ತೆ ಮೊದಲಿನಿಂದ. ಮೊದಲ ಸಲ ಕಂಡಾಗ ಮೂರ್ಛೆಯೇನೋ, ಈರುಳ್ಳಿ ಮೂಸಿಸಬೇಕೇನೋ ಎಂದು ಅಡುಗೆಮನೆಗೆ ಓಡಿದ್ದಳು, ಅರ್ಧ ದಾರಿಯಲ್ಲಿ ತಿಳಿಯಿತು, ಇದು ರೋಗವಲ್ಲ, ಇದು ಕೆಲಸ, ಮಗಳು ನಿದ್ದೆಯಲ್ಲಿ ವೈರು ಕಟ್ಟುತ್ತಿದ್ದಾಳೆ.

ಕಾರಿನ ವೈರು. ದೇಶದ್ದೇ ಕಾರು ಎಂದು ಹೆಸರಾದ ಕಾರು, ಸರ್ಕಾರದ್ದೇ ಕಂಪನಿ, ಅದಕ್ಕೆ ದಾವಣಗೆರೆ ದಾಟಿ ಹೆದ್ದಾರಿಯ ಬದಿಗೆ ಒಂದು ಫ್ಯಾಕ್ಟರಿ, ಅಲ್ಲಿ ಕಾರಿನ ಒಳಗಿನ ವೈರುಗಳನ್ನೆಲ್ಲ ಬಣ್ಣ ನೋಡಿ ಜೋಡಿಸಿ ಟೇಪು ಸುತ್ತಿ ಕಟ್ಟು ಮಾಡುವವರು ಹುಡುಗಿಯರೇ, ಜಗಳೂರಿನವರು, ಹೊನ್ನಾಳಿಯವರು, ನ್ಯಾಮತಿ ಚನ್ನಗಿರಿ ಕಡೆಯವರು, ಹೊರ ರಾಜ್ಯದ ಕೆಲವರು, ಒಂದೇ ಹಾಸ್ಟೆಲಿನಲ್ಲಿ ಸಾಲು ಮಂಚ. ಮೊದಲ ವರ್ಷ ಅರ್ಪಿತಾ ರಜೆಗೆ ಬಂದಾಗ ಡಾಕ್ಟರ ಮನೆಯ ಮುಂದೆ ಆ ಕಾರು ನಿಂತಿತ್ತು, ಉಚ್ಚಂಗಮ್ಮ ಗಾಜಿಗೆ ಮೂಗು ಹಚ್ಚಿ ನೋಡಿ, ಎಲ್ಲೇ ನೀನು ಮಾಡಿದ್ದು, ಕಾಣವಲ್ದು ಅಂದಿದ್ದಳು, ಮಗಳು ನಕ್ಕು, ಕಾಣಲ್ಲವ್ವ, ಮೈಯಾಗೆ ನರ ಇರ್ತಾವಲ್ಲ ಅಂಗೆ, ದೀಪ ಹತ್ತಿದ್ರೆ ನಾನು, ಹಾರ್ನ್ ಕೂಗಿದ್ರೆ ನಾನು ಅಂದಿದ್ದಳು. ಅಂದಿನಿಂದ ಆ ಕಾರು ಎಲ್ಲಿ ಹಾರ್ನ್ ಹೊಡೆದರೂ ಉಚ್ಚಂಗಮ್ಮ ತಲೆ ಎತ್ತಿ ನೋಡುತ್ತಾಳೆ, ಯಾರೋ ಅವ್ವಾ ಅಂದ ಹಾಗಾಗುತ್ತದೆ, ಸಂತೆಯ ನಡುವೆ ಕೂಡ. ಹೋದ ವರ್ಷದಿಂದ ಅದು ಕೂಗುವುದೇ ಕಡಿಮೆಯಾಯಿತು, ಕೊಳ್ಳುವವರಿಲ್ಲ, ಬೇರೆ ಕಾರುಗಳು ಬಂದವಂತೆ, ಕರೆಂಟಿನವು, ಕಂಪನಿ ನೆಲ ಹಿಡಿಯಿತಂತೆ, ಇವರ ಲೈನು ವಾರದಲ್ಲಿ ಅರ್ಧ ದಿನ ಖಾಲಿ ನಿಲ್ಲುತ್ತಿತ್ತಂತೆ, ಹುಡುಗಿಯರು ಸುಮ್ಮನೆ ನಿಂತು ನಿಂತು ಹಳೆಯ ವೈರಿನಿಂದ ಹೂವು ಮಾಡುತ್ತಿದ್ದರಂತೆ. ಆಮೇಲೆ ಸುದ್ದಿ ಬಂತು, ಟಿವಿಯಲ್ಲಿ, ಪುನಶ್ಚೇತನ, ಆ ಪದ ಉಚ್ಚಂಗಮ್ಮನ ನಾಲಿಗೆಗೆ ಹೊರಳುವುದಿಲ್ಲ, ಪುನಃ ಚೇತನ, ಸತ್ತದ್ದಕ್ಕೆ ಜೀವ ಬರುವುದು ಅಂದರು, ಸರ್ಕಾರ ಸಾವಿರಾರು ಕೋಟಿ ನೆರವು ಕೊಡುತ್ತದೆ, ದೇಶದ ಕಾರು ಉಳಿಯುತ್ತದೆ, ಕೇಳಿದ ಕೂಡಲೇ ಉಚ್ಚಂಗಮ್ಮ ಸುಂಕಲಮ್ಮನ ಗುಡಿಯಲ್ಲಿ ಕಾಯಿ ಒಡೆಸಿದ್ದಳು, ಒಳ್ಳೆಯ ಹೋಳಾಗಿತ್ತು, ಪೂಜಾರಿಯೇ ಹೇಳಿದ್ದ.

ಕಾಯಿ ಸುಳ್ಳು ಹೇಳಿತೇ, ಇಲ್ಲ, ಕಾಯಿಗೆ ಏನು ಗೊತ್ತು ಪಾಪ, ಕಂಪನಿ ಉಳಿಯಲಿ ಎಂದು ತಾನು ಬೇಡಿದ್ದು, ಕಂಪನಿ ಉಳಿಯಿತು, ಮಗಳು ಉಳಿಯಲಿ ಎಂದು ಬೇಡಲಿಲ್ಲ, ಎರಡೂ ಒಂದೇ ಅಂದುಕೊಂಡಿದ್ದಳು. ಅರ್ಪಿತಾ ಮೊಸರನ್ನದ ತುತ್ತು ಕೈಯಲ್ಲೇ ಹಿಡಿದು ಹೇಳಿದ್ದು ಹೀಗೆ, ಜನ ಕಡಿಮೆ ಮಾಡಿ ತೋರಿಸಿದ್ರೆ ದುಡ್ಡು ಬಿಡ್ತಾರಂತವ್ವ, ಹೊರಗೆ ಹಾಕಾಂಗಿಲ್ಲ, ಅವರಾಗೇ ಹೋಗಿರಬೇಕು, ಅಂಗಂತ ಕರಾರು. ಅದಕ್ಕೇ ಮೊನ್ನೆ ಲೈನು ಸ್ವಲ್ಪ ದಿನ ಬಂದ್ ಇರುತ್ತದೆ, ಊರಿಗೆ ಹೋಗಿ, ಕರೆದಾಗ ಬನ್ನಿ ಎಂದು ಎಲ್ಲರನ್ನೂ ಆಫೀಸಿಗೆ ಕರೆಸಿದರಂತೆ, ಅಲ್ಲಿ ಹೊರ ರಾಜ್ಯದಿಂದ ಬಂದ ಒಬ್ಬ ಸಾಹೇಬ, ಕನ್ನಡ ನಾಲ್ಕೇ ಮಾತು, ಮುಂದೆ ಸ್ಟ್ಯಾಂಡಿನ ಮೇಲೆ ಮೊಬೈಲು, ವಿಡಿಯೋ, ಒಬ್ಬೊಬ್ಬಳನ್ನೇ ಕುರ್ಚಿಯಲ್ಲಿ ಕೂರಿಸಿ ಹೆಸರು ಕೇಳಿ, ಊರು ಕೇಳಿ, ಮನೆಗೆ ಹೋಗ್ತೀರಾ ಅಂದನಂತೆ. ಅರ್ಪಿತಾ ಎದ್ದು ನಿಂತು ಕೈ ಮುಗಿದು ಹೋಗಿಬರ್ತೀನಿ ಸಾರ್ ಅಂದಳಂತೆ, ಅವಳ ಹಿಂದೆ ನಿಂತವಳು ಹೊನ್ನಾಳಿಯ ರುಹೀನಾ, ಅವಳಿಗೆ ಗಾಬರಿಯಾದರೆ ಮನೆಮಾತೇ ಬಾಯಿಗೆ ಬರುವುದು, ಜಾಕೋ ಆತೂಂ ಸಾಬ್ ಅಂದಳಂತೆ, ಅದೂ ಅದೇ ಮಾತು, ಹೋಗಿ ಬರುತ್ತೇನೆ, ಅವರ ಅಮ್ಮನೂ ಬರೀ ಹೋಗುತ್ತೇನೆ ಅನ್ನಬಾರದೆಂದು ಕಲಿಸಿದವಳೇ. ಸವಳಂಗದ ಹುಡುಗಿಯರು, ನಲ್ಲೂರಿನ ಗಂಗೋತ್ರಿ, ಎಲ್ಲರೂ ಸಾಲಾಗಿ ಹೋಗಿಬರ್ತೀವಿ ಸಾರ್, ಹೋಗಿಬರ್ತೀವಿ ಸಾರ್, ಹಸೆಮಣೆ ಬಿಟ್ಟೇಳುವ ಮದುಮಕ್ಕಳ ಹಾಗೆ. ಸಾಹೇಬ ಒಂದೊಂದಕ್ಕೂ ಗುಡ್ ಗುಡ್ ಅಂದನಂತೆ. ನಿನ್ನೆ ಊರಿಗೆ ಹೊರಡುವ ಮುಂಚೆ ಸಂಬಳ ಕೇಳಲು ಹೋಗಿ ಗೇಟಿನಲ್ಲಿ ಇವರ ಕೊರಳಿನ ಕಾರ್ಡು ಒತ್ತಿದರೆ ಕೆಂಪು ದೀಪ, ಯಾಕೆ ಅಂದರೆ, ನೀವೇ ಹೋಗ್ತೀವಿ ಅಂದಿದೀರಲ್ಲ, ಸ್ವಇಚ್ಛೆಯಿಂದ ಕೆಲಸ ಬಿಟ್ಟಂಗೆ, ವಿಡಿಯೋ ಐತೆ. ಹೊರ ರಾಜ್ಯದ ಹುಡುಗಿಯರು ಬರೀ ಯೆಸ್ ಸರ್ ಹಾಲಿಡೇ ಸರ್ ಅಂದವರು ಒಳಗಿದ್ದಾರೆ, ನಮ್ಮ ಕಡೆಯವರೆಲ್ಲ ಹೊರಗೆ, ಬೆಳಗಾಗುವ ಮುಂಚೆ ಹಾಸ್ಟೆಲಿನಿಂದಲೂ ಹೊರಗೆ. ಅವ್ವ, ನಾನು ಬಿಟ್ಟಿಲ್ಲ, ನಾನು ಬಿಟ್ಟಿಲ್ಲವ್ವ ಅಂದಳು ಮಗಳು, ಅಳಲಿಲ್ಲ, ಅತ್ತಿದ್ದರೆ ಚೆನ್ನಿತ್ತು, ಸೆರಗಿನಿಂದ ಒರೆಸಬಹುದಿತ್ತು.

ಹೋಗ್ತೀನಿ ಅನ್ನಬಾರದು, ಹೋಗಿಬರ್ತೀನಿ ಅನ್ನಬೇಕು, ಆ ಮಾತು ತನ್ನದೇ, ಅಂಗನವಾಡಿಗೆ ಹೋಗುವ ವಯಸ್ಸಿನಲ್ಲಿ ಸ್ಲೇಟು ಹಿಡಿದು ನಾ ಹೋತೀನಿ ಅಂದವಳ ಬಾಯಿ ಮುಚ್ಚಿ ಹೊಸಿಲ ಮೇಲೆ ನಿಲ್ಲಿಸಿ ಹೇಳಿಸಿದ್ದು ತಾನೇ, ತನಗೆ ತನ್ನವ್ವ ಹೇಳಿಸಿದ್ದು, ಅವ್ವನಿಗೆ ಅವಳವ್ವ, ಬರೀ ಹೋಗುವವರು ಒಬ್ಬರೇ, ಅವರು ನಾಲ್ಕು ಜನರ ಹೆಗಲ ಮೇಲೆ ಹೋಗುತ್ತಾರೆ, ಅವರೊಬ್ಬರೇ ಬರುತ್ತೇನೆ ಅನ್ನದವರು, ಇದರಲ್ಲಿ ತಪ್ಪೇನಿದೆ, ಇಷ್ಟು ಗೊತ್ತಿಲ್ಲದ ಮನುಷ್ಯನ ಕೈಗೆ ಹುಡುಗಿಯರ ಅನ್ನ ಕೊಟ್ಟು ಕೂರಿಸಿದವರ ತಪ್ಪು, ಅಲ್ಲ, ಗೊತ್ತಿಲ್ಲದೆ ಇರುತ್ತದೆಯೇ, ಬರ್ತೀನಿ ಅಂದದ್ದು ಕಿವಿಗೆ ಬಿದ್ದಿರುತ್ತದೆ, ಹೋಗಿ ಅನ್ನುವಷ್ಟಕ್ಕೆ ಕಿವಿ ಮುಚ್ಚಿಕೊಂಡಿದ್ದಾನೆ— ಚಕ್ಕಡಿ ಸದ್ದಲ್ಲ, ಬೈಕು, ಗಂಡನದು, ಅವಳು ಓಡಿ ಹೋಗಿ ಬಾಗಿಲಲ್ಲೇ ಕೈ ಅಡ್ಡ ಹಿಡಿದಳು, ಆಫ್ ಮಾಡ್ರಿ, ಮಲಗ್ಯಾಳೆ. ತಿಪ್ಪೇರುದ್ರ ಮೆಕ್ಕೆಜೋಳದ ಹೊಟ್ಟು ಮೈತುಂಬ ಅಂಟಿಸಿಕೊಂಡು ಎಪಿಎಂಸಿಯಿಂದ ಬಂದವನು, ಲಾರಿ ಲೋಡಿಗೆ ಇನ್ನೂ ಹೊತ್ತಿದೆಯಂತೆ, ಕೈಯಲ್ಲಿ ಮಂಡಕ್ಕಿ ಪೊಟ್ಟಣ, ಎಣ್ಣೆ ಒಸರುವ ಮಿರ್ಚಿ, ಮಗಳಿಗೆ. ಟೀ ಅಂಗಡಿಯಲ್ಲಿ ಎಲ್ಲರೂ ಅವನನ್ನೇ ಹಿಡಿದುಕೊಂಡಿದ್ದರಂತೆ, ಏನಪ್ಪ ತಿಪ್ಪೇರುದ್ರ, ನಿನ್ ಮಗಳ ಕಂಪನಿನ ಸರ್ಕಾರ ಎತ್ತಿ ಕೂರಿಸ್ತಲ್ಲ, ಇನ್ನೇನು ನೀನೂ ಕಾರಾಗೆ ಬರಾದೇ ಮೂಟೆ ಹೊರಾಕೆ, ಅದಕ್ಕೆ ಇವನು, ನನ್ ಕಾರು ಬಂದ್ರೆ ಮೊದ್ಲು ನಿಮ್ಮನ್ನ ಹತ್ತಿಸ್ಕೊಂಡು ಕೆರೆ ತಂಕ ಬಿಟ್ಟು ಬರ್ತೀನಿ, ಅಲ್ಲಿಂದ ನಡ್ಕಂಡು ಬರ್ರಿ ಅಂದನಂತೆ, ಹೇಳಿಕೊಂಡು ತಾನೇ ಸದ್ದಿಲ್ಲದೆ ನಕ್ಕ, ಹೊಟ್ಟೆ ಕುಣಿಯಿತು. ಅವನಿಗೆ ಗೊತ್ತಿಲ್ಲ, ರಜೆಗೆ ಬಂದಿದ್ದಾಳೆ ಅಂದುಕೊಂಡಿದ್ದಾನೆ, ಉಚ್ಚಂಗಮ್ಮ ಬಾಯಿ ತೆರೆದಳು, ಏನ್ರೀ ಅಂದಳು, ಅವನು ಬಾಗಿಲ ಸಂದಿಯಲ್ಲಿ ಇಣುಕಿದ್ದ, ಕೈ ನೋಡಿದ, ಏನ್ಲೇ ಅದು ಅಂದ, ಕನಸು ಬಿದ್ದೈತೆ ಅಂದಳು ಇವಳು, ಬಾಯಿಗೆ ಬಂದದ್ದು ಅಷ್ಟೇ. ಕನಸಿನಾಗೂ ದುಡೀತಾಳೆ ನನ್ ಮಗಳು, ಸರ್ಕಾರನೇ ಕೈ ಹಿಡಿದೈತೆ ಇನ್ನೇನು ಅಂದ ಅವನು, ಮಂಡಕ್ಕಿ ಪೊಟ್ಟಣ ಅವಳ ಕೈಗಿಟ್ಟ, ಮಲಗಲಿ ಬಿಡು, ಎಬ್ಬಿಸಬ್ಯಾಡ ಅಂದು ಬೈಕನ್ನು ತಳ್ಳಿಕೊಂಡೇ ಮೂಲೆ ದಾಟಿಸಿ ಅಲ್ಲಿ ಸ್ಟಾರ್ಟ್ ಮಾಡಿದ, ಮೂಟೆ ಹೊತ್ತು ಹೊತ್ತು ಬಗ್ಗಿದ ಬೆನ್ನು, ಮಗಳ ನಿದ್ದೆಗಾಗಿ ಬಿಸಿಲಲ್ಲಿ ಬೈಕು ತಳ್ಳುವ ಬೆನ್ನು, ಅದಕ್ಕೆ ಈಗಲೇ ಹೇಳಲಾಗಲಿಲ್ಲ, ಸಂಜೆ ಹೇಳಿದರಾಯಿತು, ಸಂಜೆಗೆ ಏನಾಗಿರುತ್ತದೋ.

ಮುಬಾರಕ್ ಉಚ್ಚಂಗಮ್ಮಾ, ಎಂದು ಗೋಡೆಯಾಚೆಯಿಂದ ರಹೀಮುನ್ನೀಸಾ, ಟಿವಿ ಅವಳೂ ನೋಡಿದ್ದಾಳೆ, ಸರ್ಕಾರ್ ಕೊಟ್ಟಮ್ಯಾಲೆ ಮಿಠಾಯಿ ನಮಗಿಲ್ಲೇನು, ಇವಳು ತುಟಿಯ ಮೇಲೆ ಬೆರಳಿಟ್ಟಳು, ಹತ್ತಿರ ಕರೆದಳು, ಪಿಸುಮಾತಿನಲ್ಲಿ ಎಲ್ಲ ಹೇಳಿದಳು, ಹೇಳುತ್ತ ಹೇಳುತ್ತ ಇಬ್ಬರ ಕೈಯೂ ಮೊರದಲ್ಲಿ ಶೇಂಗಾ ಒಡೆಯುತ್ತಿತ್ತು, ಬೀಜ ಒಂದು ಕಡೆ ಸಿಪ್ಪೆ ಒಂದು ಕಡೆ, ಮಾತು ಯಾವುದಿದ್ದರೂ ಕೈಗೆ ಕೆಲಸ ಬೇಕು, ಮಗಳು ಎಲ್ಲಿಂದ ಕಲಿತಳು ಮತ್ತೆ. ರಹೀಮುನ್ನೀಸಾ, ಬಳೆ ಬುಟ್ಟಿ ಹೊತ್ತು ಹಳ್ಳಿ ಹಳ್ಳಿ ತಿರುಗುವ ಬಾಯಿ ಅದು, ಕೈಯಲ್ಲಿದ್ದ ಒಂದು ಹಿಡಿ ಕಾಯಿ ಒಡೆದು ಮುಗಿಸಿದಳು. ಆಮೇಲೆ, ತಾಯಿಕುರಿ ಬಡಕಲಾದ್ರೆ ಏನ್ ಮಾಡ್ತೀರವ್ವ ನಿಮ್ಮಾಗೆ ಅಂದಳು. ಮೇವು ಹಾಕ್ತೀವಿ, ಹಿಂಡಿ ಹಾಕ್ತೀವಿ ಅಂದಳು ಇವಳು. ಮರಿ ಕಡಿದು ಅದಕ್ಕೇ ತಿನ್ನಿಸ್ತೀರೇನು, ಅಂದಳು ರಹೀಮುನ್ನೀಸಾ, ಅಂದು ಸಿಪ್ಪೆಯನ್ನು ಊದಿದಳು. ತಿನ್ನಿಸಿದ್ರೂ ಕುರಿ ತಿನ್ನಲ್ಲ, ಅದಕ್ಕೆ ಗೊತ್ತೈತೆ, ಇವರಿಗೇ ಗೊತ್ತಿಲ್ಲ. ಹಾಗಂತ ನೆರವು ಬರಬಾರದು ಎನ್ನಲು ಬರುತ್ತದೆಯೇ, ಬರದಿದ್ದರೆ ಕಂಪನಿಯೇ ಮುಚ್ಚುತ್ತಿತ್ತು, ಎಲ್ಲರೂ ಹೊರಗೆ, ಹೊರ ರಾಜ್ಯದವರೂ ಹೊರಗೆ, ಉಚ್ಚಂಗಮ್ಮ ಅದನ್ನೂ ಯೋಚಿಸುತ್ತಾಳೆ, ಒಂದು ಮನೆ ಉಳಿಯಲು ಒಂದು ಕೋಣೆ ಕೆಡವಬೇಕಾಗುತ್ತದೆ ಅಂದರೆ ಸರಿ ಇರಬಹುದು, ಆದರೆ ಕೋಣೆಯಲ್ಲಿ ಇದ್ದವರೇ ಕೆಡವಿ ಅಂದರು ಎಂದು ಯಾಕೆ ಹೇಳಬೇಕು, ಕಂಪನಿಯವರೇ ಮುಖ ನೋಡಿ ನೀವು ಬೇಡ ಅನ್ನಬೇಕಿತ್ತು, ಬೇಡ ಅಂದಿದ್ದರೆ ಹುಡುಗಿಯರು ಬೈದು, ಅತ್ತು, ಮನೆಗೆ ಬಂದು ಬೇರೆ ದಾರಿ ನೋಡುತ್ತಿದ್ದರು, ಈ ಸುಳ್ಳಿಗೆ ಬೇರೆ ದಾರಿಯೂ ಇಲ್ಲ, ನಾಳೆ ಎಲ್ಲಿ ಕೆಲಸ ಕೇಳಿದರೂ ನೀನೇ ಬಿಟ್ಟವಳಲ್ಲ ಅನ್ನುತ್ತಾರೆ. ರಹೀಮುನ್ನೀಸಾ ಒಲೆಯ ಮೇಲಿನ ಬೇಳೆ ನೆನಪಾಗಿ ಎದ್ದಳು, ಹೋಗುವಾಗ ಕಿವಿಯಲ್ಲಿ ಅಂದಳು, ಕಳಿಸವ್ವ, ಆ ರುಹೀನಾ ಅಮ್ಮನೂ ಕಳಿಸೇ ಕಳಿಸ್ತಾಳೆ, ನೀನೂ ಕಳಿಸು.

ಕಳಿಸುವುದು ಅಂದರೆ ಗೇಟಿಗೆ. ಇವತ್ತು ಸಂಜೆ ಡೆಲ್ಲಿಯಿಂದ ನೆರವು ಕೊಡುವ ಕಡೆಯವರು ಫ್ಯಾಕ್ಟರಿ ನೋಡಲು ಬರುತ್ತಾರಂತೆ, ಬಿಟ್ಟವರು ಎಷ್ಟು ಉಳಿದವರು ಎಷ್ಟು ಎಂದು ನೋಡಿ ದುಡ್ಡು ಬಿಡುತ್ತಾರಂತೆ, ಅವರ ಕಾರು ಗೇಟಿಗೆ ಬಂದಾಗ ಹುಡುಗಿಯರೆಲ್ಲ ನಿಂತು ನಾವು ಬಿಟ್ಟಿಲ್ಲ ಅನ್ನಬೇಕು, ಖುದ್ದು, ಅಲ್ಲಿ ಇಲ್ಲದವರು ಹೋದವರು ಎಂದೇ ಲೆಕ್ಕ. ಅದಕ್ಕೇ ಆ ಬಸ್ಸು. ರಹೀಮುನ್ನೀಸಾ ಬರುವ ಮುಂಚೆಯೇ ಫೋನು ನಡುಗಿತ್ತಲ್ಲ, ಅರ್ಪಿತಾಳದು, ಚಾರ್ಜಿಗೆ ಹಾಕಿದ್ದು, ಸದ್ದಾದೀತೆಂದು ಉಚ್ಚಂಗಮ್ಮ ಕಿತ್ತುಕೊಂಡು ಹಿತ್ತಲಿಗೆ ಓಡಿದ್ದಳು, ಹುಣಸೆಮರದ ಕೆಳಗೆ ನಿಂತು ಹಲೋ ಅಂದಿದ್ದಳು, ಅಮ್ಮಾರೇ ನಾನು ಮಾಲತೇಶ್, ಲೈನಿನ ಸೂಪರ್‌ವೈಸರ್ರು, ಅರ್ಪಿತಾ ಇಲ್ಲೇನ್ರಿ. ಒಳ್ಳೆಯ ದನಿ, ನಮ್ಮ ಕಡೆಯದೇ, ನ್ಯಾಮತಿ ಹತ್ತಿರದವನಂತೆ, ಅರ್ಪಿತಾ ಇವನ ಬಗ್ಗೆ ಎಂದೂ ಕೆಟ್ಟದು ಹೇಳಿದ್ದಿಲ್ಲ. ಮಲಗ್ಯಾಳಪ್ಪ ಅಂದಳು. ಆ ಕಡೆ ಒಂದು ಉಸಿರು, ಭಾರ ಇಳಿಸಿದವನ ಹಾಗೆ, ಮಲಗಲಿ ಬಿಡ್ರಿ, ಪಾಪ, ನಿನ್ನೆ ರಾತ್ರಿಯೆಲ್ಲ ಹಾಸ್ಟೆಲಿನಾಗೆ ಯಾರೂ ಮಲಗಿಲ್ಲ, ಎಬ್ಬಿಸಬ್ಯಾಡ್ರಿ. ಇವತ್ತು ಬಸ್ಸಿಗೆ ಅಂತ ಹೇಳಿದಾಳೆ ಅಂದಳು ಇವಳು. ಅದೇ ಅಮ್ಮಾರೇ, ಅದೇ ಬ್ಯಾಡ ಅನ್ನಾಕೆ ಫೋನ್ ಮಾಡಿದೆ, ಗೇಟಿಗೆ ಪೊಲೀಸ್ರು ಬರ್ತಾರೆ, ಹೆಣ್ಮಕ್ಕಳು, ತಳ್ಳಾಟ ಆಗ್ತೈತೆ, ಎಲ್ಲಾದ್ರೂ ಬಿದ್ದು ಕೈ ಗೀ ಮುರ್ಕಂಡ್ರೆ, ಒಳ್ಳೆ ಕೈ ಅವಳದು. ಒಳ್ಳೆ ಕೈ ಅಂದ. ಹೊಸ ಲೈನು ಬಂದ್ರೆ ನಾನೇ ಕರೀತೀನಿ, ನಿಮ್ ಕೈಯಾಗೆ ಐತೆ, ನೀವು ತಾಯಿ, ಸುಮ್ಮನೆ ಮಲಗಕ್ಕೆ ಬಿಡ್ರಿ ಸಾಕು. ಬಿಸಿಲು ಹುಣಸೆಯ ಎಲೆ ತೂರಿಕೊಂಡು ಕಾಲಿನ ಮೇಲೆ ಚಿಕ್ಕ ಚಿಕ್ಕ ಚುಕ್ಕಿ, ಅದನ್ನೇ ನೋಡುತ್ತ ಉಚ್ಚಂಗಮ್ಮ ಅಂದಳು, ನನ್ ಮಗಳು ಹೋಗ್ತೀನಿ ಅಂದಿಲ್ಲಪ್ಪ, ನಮ್ಮನಿಯಾಗೆ ಆ ಮಾತು ಯಾರೂ ಅನ್ನಲ್ಲ. ಆ ಕಡೆ ಗಾಳಿಯ ಸದ್ದು, ಅವನು ಎಲ್ಲೋ ಬಯಲಲ್ಲಿ ನಿಂತು ಮಾತಾಡುತ್ತಿರಬೇಕು, ಯಾರೂ ಕೇಳದಂತೆ. ನಂಗೊತ್ತವ್ವ, ಅಂದ, ಅಮ್ಮಾರು ಹೋಗಿ ಅವ್ವ ಆಗಿತ್ತು, ನಮ್ಮವ್ವನೂ ಅಂಗೇ ಅನ್ನಾದು, ನಾನೂ ಅಲ್ಲೇ ನಿಂತಿದ್ದೆ ಆ ರೂಮಿನಾಗೆ. ಮತ್ತೆ ಹೇಳಲಿಲ್ಲೇನಪ್ಪ ಆ ಸಾಹೇಬ್ರಿಗೆ ಅಂದಳು. ಇಟ್ಟುಬಿಟ್ಟ.

ಮಲಗಲಿ ಬಿಡ್ರಿ. ಗಂಡನೂ ಅದನ್ನೇ ಅಂದ, ಆದರೆ ಅವನು ಬೈಕು ತಳ್ಳಿಕೊಂಡು ಹೋದ, ಈ ಮಾಲತೇಶ್ ಅಂದದ್ದೂ ಅದೇ ಮಾತು, ಅದೇ ಮೆತ್ತಗಿನ ದನಿ, ತಾನು ಬೆಳಗಿನಿಂದ ಮಾಡುತ್ತಿರುವುದೂ ಅದೇ, ಹೇಂಟೆ ಅಟ್ಟಿ, ಗೋಣಿತಟ್ಟು ಹಾಕಿ, ಉಸಿರು ಹಿಡಿದು, ಹೆತ್ತವಳು ಮಾಡುವುದೇ ಇದು, ಇವರಿಗೆ ಬೇಕಾದದ್ದೂ ಇದೇ, ಒಂದು ಬಸ್ಸು ದಾಟುವವರೆಗೆ ಒಂದು ತಾಯಿ ಸುಮ್ಮನಿದ್ದರೆ ಸಾಕು, ಹೊನ್ನಾಳಿಗೂ ಫೋನು ಹೋಗಿರುತ್ತದೆ, ನಲ್ಲೂರಿಗೂ, ಸವಳಂಗಕ್ಕೂ, ಎಲ್ಲ ಮನೆಗಳಲ್ಲೂ ಹುಡುಗಿಯರು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ, ಎಲ್ಲ ತಾಯಂದಿರೂ ಒಲೆಯ ಮುಂದೆ ಪಾತ್ರೆ ಮೆಲ್ಲಗೆ ಇಳಿಸುತ್ತಿದ್ದಾರೆ, ಎಲ್ಲರಿಗೂ ನೀವು ತಾಯಿ, ನಿಮ್ಮ ಕೈಯಲ್ಲಿದೆ. ಆದರೆ ತಳ್ಳಾಟ ಸುಳ್ಳಲ್ಲ, ಪೊಲೀಸು ಸುಳ್ಳಲ್ಲ, ಈ ಹುಡುಗಿಗೆ ಜ್ವರ ಬಂದಾಗ ಮೂರು ದಿನ ಮಡಿಲಿಂದ ಇಳಿಸದೆ ಕೂತವಳು ತಾನು, ಬಿದ್ದರೆ, ಕೈ ಮುರಿದರೆ, ಮಲಗಲಿ, ಎದ್ದಾಗ ಬಸ್ಸು ಹೋಗಿರುತ್ತದೆ, ಯಾಕವ್ವ ಎಬ್ಬಿಸಲಿಲ್ಲ ಅನ್ನುತ್ತಾಳೆ, ನೀನು ಬಾಳ ದಣಿದಿದ್ದೆ ಮಗಾ ಅನ್ನಬಹುದು, ಸುಳ್ಳೂ ಅಲ್ಲ, ಅವಳು ನಂಬುತ್ತಾಳೆ, ನಂಬಿ ಏನೂ ಅನ್ನದೆ ಮೊರ ಎಳೆದುಕೊಂಡು ಶೇಂಗಾ ಒಡೆಯಲು ಕೂರುತ್ತಾಳೆ— ಅದು, ಅದನ್ನು ನೋಡಲಾಗದು. ಅನ್ನ ಸೀಯುವ ವಾಸನೆ. ಒಲೆ ಆರಿಸಿದಳು. ಬಾಗಿಲ ಸಂದಿಯಲ್ಲಿ ಅದೇ, ಸುತ್ತಿ, ಎಳೆದು, ಯಾರು ಬಿಟ್ಟದ್ದು, ಬಿಟ್ಟವರ ಕೈ ಹೀಗಿರುತ್ತದೆಯೇ, ಆ ಮೊಬೈಲು ಹಿಡಿದ ಸಾಹೇಬ ಇದರ ವಿಡಿಯೋ ಮಾಡಲಿ, ಇದನ್ನು ಡೆಲ್ಲಿಯವರಿಗೆ ತೋರಿಸಲಿ, ಬಾಯಿ ತಪ್ಪಿದ್ದರೂ ತಪ್ಪೀತು, ಕೈ ತಪ್ಪದು. ಕತ್ತು ಚಾಚಿ ನೋಡಿದಳು, ಬಿಸಿಲು ಹೊಸಿಲಿಗೆ ಬಂದಿದೆ, ದೂರದಲ್ಲಿ ಸರ್ಕಲ್ಲಿನ ಕಡೆ ಹಾರ್ನು, ಇದಲ್ಲ, ಇದು ಚಳ್ಳಕೆರೆಯದು, ದಾವಣಗೆರೆಯದು ಇನ್ನೇನು. ಹೆಂಗಸರಿಗೆ ಟಿಕೆಟ್ಟಿಲ್ಲ, ಒಬ್ಬಳಿಗಾದರೇನು ಇಬ್ಬರಿಗಾದರೇನು. ಉಚ್ಚಂಗಮ್ಮ ಗೂಟದ ಮೇಲಿದ್ದ ಒಳ್ಳೆಯ ಸೀರೆ ಎಳೆದುಕೊಂಡಳು, ಅರ್ಧ ಉಟ್ಟು, ಉಡುತ್ತಲೇ ಒಳಗೆ ಹೋಗಿ ಮಗಳ ತಲೆಯ ಹತ್ತಿರ ಕೂತು ಹಣೆಯ ಮೇಲೆ ಅಂಗೈ ಇಟ್ಟಳು, ಬಿಸಿ ಇಲ್ಲ, ಬರೀ ಬೆವರು, ಅರ್ಪಿ, ಏಳವ್ವ, ಏಳು, ಬಸ್ಸಿಗೆ ಹೊತ್ತಾತು. ಒಂದು ಸಲಕ್ಕೇ ಕಣ್ಣು ಬಿಟ್ಟಳು, ಗಾಬರಿಯಿಂದ ಎದ್ದು ಕೂತಳು, ಹೋತೇನವ್ವ ಬಸ್ಸು. ಇಲ್ಲ ಮಗಾ, ಮುಖ ತೊಳಿ, ನಾನೂ ಬರ್ತೀನಿ ಗೇಟಿಗೆ, ನಿನ್ ಪಕ್ಕಕ್ಕೇ ನಿಂತ್ಕಂತೀನಿ. ನೀನ್ಯಾಕವ್ವ ಅಂದಳು ಅರ್ಪಿತಾ, ಪೂರ್ತಿ ಎಚ್ಚರವಾಗಿ, ಅವ್ವನ ಅರ್ಧ ಉಟ್ಟ ಸೀರೆ ನೋಡಿ ತುಟಿಯ ಮೂಲೆಯಲ್ಲಿ ನಗು ಕೂಡ ಬಂತು, ನೆರಿಗೆ ಸರಿ ಮಾಡ್ಕೊ ಮೊದ್ಲು ಅಂದಳು, ಅನ್ನುತ್ತಿದ್ದಳು, ಕಣ್ಣು ಅವ್ವನನ್ನೇ ನೋಡುತ್ತಿತ್ತು, ಬಾಯಿ ಮಾತಾಡುತ್ತಿತ್ತು, ಉಚ್ಚಂಗಮ್ಮ ನೆರಿಗೆಯ ಕಡೆ ಬಗ್ಗಿದವಳು ಅಲ್ಲೇ ನಿಂತಳು, ಮಗಳ ಮಡಿಲಲ್ಲಿ, ಎಚ್ಚರವಾದದ್ದು ಗೊತ್ತೇ ಇಲ್ಲದ ಹಾಗೆ, ಎಡಗೈ ಹಿಡಿದಿದೆ, ಬಲಗೈ ತಿರುಗುತ್ತಿದೆ, ಸುತ್ತಿ, ಎಳೆದು, ಸುತ್ತಿ, ಎಳೆದು, ಸುತ್ತಿ